ಹಳೆಯ ಮೋಟಾರು ಕಾರುಗಳ ಜೀರ್ಣೋದ್ಧಾರ ಮತ್ತು ಸಂರಕ್ಷಣೆ

ಇತಿಹಾಸದ ಆಧಾರಗಳೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಶಾಸನ, ನಾಣ್ಯ, ಓಲೆಗರಿ, ಕಡತ ಮೊದಲಾದವು. ಇವುಗಳ ಸಾಲಿನಲ್ಲಿ ಮೋಟಾರು ಕಾರನ್ನು ತಂದು ನಿಲ್ಲಿಸುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಹಳೆಯ ಕಾರುಗಳನ್ನು ಕೂಡಿಟ್ಟುಕೊಂಡು ಸರಿಪಡಿಸುವುದು ಸಿರಿವಂತರ ವಿನೋದವೆಂದೂ, ಹೆಚ್ಚೆಂದರೆ ಯಂತ್ರಶಾಸ್ತ್ರವನ್ನು ಬಲ್ಲವರ ಹವ್ಯಾಸವೆಂದೂ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾದ ಭಾವನೆಯುಂಟು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಜನರ ಸಂಚಾರ, ವ್ಯಾಪಾರ, ನಗರಗಳ ವಿಸ್ತಾರ, ಯುದ್ಧ, ವಿರಾಮ ಇವೆಲ್ಲವನ್ನೂ ಮಾರ್ಪಡಿಸಿದ ವಸ್ತುಗಳಲ್ಲಿ ಮೋಟಾರು ಗಾಡಿಗೆ ಸಮನಾದುವು ಕೆಲವೇ. ಅದನ್ನು ತಯಾರಿಸಿದವರ, ಬಳಸಿದವರ, ದುರಸ್ತು ಮಾಡಿದ ಮೇಸ್ತ್ರಿಗಳ ಗುರುತುಗಳು ಅದರ ಮೈಮೇಲೆಯೇ ಉಳಿದಿರುತ್ತವೆ. ಓದಬಲ್ಲವರಿಗೆ ಅದೂ ಒಂದು ದಾಖಲೆಯೇ ಸರಿ.

ಈ ಹವ್ಯಾಸವು ಹೇಗೆ ಹುಟ್ಟಿತು, ಅದರಲ್ಲಿ ಅಡಕವಾಗಿರುವ ಕೆಲಸಗಳೇನು, ಆ ಕೆಲಸದಲ್ಲಿ ಏಳುವ ತಾತ್ತ್ವಿಕವಾದ ತೊಡಕುಗಳೇನು ಎಂಬುದನ್ನು ಸಂಗ್ರಹವಾಗಿ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ. ಜೀರ್ಣವಾದುದನ್ನು ಉದ್ಧರಿಸುವುದು ಬೇರೆ, ಹಳೆಯದನ್ನು ಹೊಸದಾಗಿ ಮಾಡುವುದು ಬೇರೆ. ಇವೆರಡರ ಅಂತರವನ್ನು ಮರೆತ ಕಡೆಯಲ್ಲೆಲ್ಲ ಅತ್ಯಂತ ಪ್ರೀತಿಯಿಂದ ಮಾಡಿದ ಕೆಲಸವೇ ದಾಖಲೆಯ ನಾಶಕ್ಕೆ ಕಾರಣವಾಗಿದೆ. ಇದನ್ನು ಸ್ಪಷ್ಟಪಡಿಸಲು ಇಲ್ಲಿ ಯತ್ನಿಸಲಾಗಿದೆ.

೧. ಹವ್ಯಾಸದ ಉಗಮ

ಮೋಟಾರು ಗಾಡಿಯ ಚರಿತ್ರೆಯನ್ನು ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಬೆನ್ಜ್ ತನ್ನ ಮೂರು ಗಾಲಿಗಳ ವಾಹನಕ್ಕೆ ಪೇಟೆಂಟು ಪಡೆದಂದಿನಿಂದ ಆರಂಭಿಸುವುದು ವಾಡಿಕೆ. ಇಂಗ್ಲೆಂಡಿನಲ್ಲಿ ರಸ್ತೆಯ ಮೇಲೆ ಓಡುವ ಯಂತ್ರವಾಹನದ ಮುಂದೆ ಒಬ್ಬ ಮನುಷ್ಯನು ನಡೆದುಹೋಗಬೇಕೆಂಬ ನಿರ್ಬಂಧವು ೧೮೯೬ರ ವರೆಗೂ ಇದ್ದಿತು. ಆ ವರ್ಷದ ನವೆಂಬರ್ ೧೪ರಂದು ಹೊಸ ಕಾನೂನು ಜಾರಿಗೆ ಬಂದು ಈ ನಿರ್ಬಂಧವು ತೊಲಗಿತು. ಅದೇ ದಿನ ಸಂತೋಷಸೂಚಕವಾಗಿ ಹಲವು ಗಾಡಿಗಳು ಲಂಡನ್ನಿನಿಂದ ಬ್ರೈಟನ್ನಿಗೆ ಪ್ರಯಾಣ ಬೆಳೆಸಿದುವು. ಈ ಪ್ರಯಾಣದ ನೆನಪಿಗಾಗಿ ೧೯೨೭ರಲ್ಲಿ ಹಳೆಯ ಗಾಡಿಗಳನ್ನೇ ಹುಡುಕಿ ತಂದು ಮತ್ತೆ ಅದೇ ದಾರಿಯಲ್ಲಿ ಓಡಿಸಲಾಯಿತು. ಇಂದಿಗೂ ನಡೆದುಬರುತ್ತಿರುವ ಈ ಓಟಕ್ಕೆ ೧೯೦೫ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಪ್ರವೇಶವುಂಟು.

೧೯೩೦ರಲ್ಲಿ ಬ್ರಿಟನ್ನಿನ 'ವೆಟರನ್ ಕಾರ್ ಕ್ಲಬ್', ೧೯೩೪ರಲ್ಲಿ 'ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್', ೧೯೩೫ರಲ್ಲಿ ಅಮೆರಿಕದ 'ಆಂಟೀಕ್ ಆಟೊಮೊಬೈಲ್ ಕ್ಲಬ್' ಸ್ಥಾಪಿತವಾದುವು. ಈ ಸಂಘಗಳೆಲ್ಲವೂ ಐದಾರು ವರ್ಷಗಳ ಅವಧಿಯಲ್ಲಿ ಹುಟ್ಟಿಕೊಂಡುದು ಆಕಸ್ಮಿಕವಲ್ಲ. ಅಮೆರಿಕದ ಫೋರ್ಡ್ ಕಾರ್ಖಾನೆಯು ೧೯೦೮ರಿಂದ ೧೯೨೭ರ ವರೆಗೆ ತನ್ನ 'ಮಾಡೆಲ್ ಟಿ' ಕಾರುಗಳನ್ನು ಒಂದೂವರೆ ಕೋಟಿಗೂ ಮಿಗಿಲಾಗಿ ತಯಾರಿಸಿತ್ತು. ಇಂತಹ ಸಾಮೂಹಿಕ ಉತ್ಪಾದನೆಯ ಎದುರಿಗೆ, ಗಾಡಿ ಕಟ್ಟುವ ಬಡಗಿಗಳೂ ಕಮ್ಮಾರರೂ ಕೈಯಿಂದ ರೂಪಿಸಿದ ಮೊದಲ ತಲೆಮಾರಿನ ಕಾರುಗಳು ಬೆಲೆಯಿಲ್ಲದೆ ಗುಜರಿಗೆ ಬೀಳುತ್ತಿದ್ದುವು. ಕಣ್ಣೆದುರಿಗೇ ಒಂದು ಕಾಲವು ಕರಗಿಹೋಗುತ್ತಿದೆಯೆಂಬ ಅರಿವೇ ಈ ಸಂಘಗಳ ಮೂಲ.

ಎರಡನೆಯ ಮಹಾಯುದ್ಧದ ತರುವಾಯ ಈ ಆಸಕ್ತಿಯು ಜನಸಾಮಾನ್ಯರಿಗೂ ಹಬ್ಬಿತು. ೧೯೫೨ರಲ್ಲಿ ಲಾರ್ಡ್ ಮಾಂಟಗು ಅವರು ಇಂಗ್ಲೆಂಡಿನ ಬ್ಯೂಲಿ ಎಂಬಲ್ಲಿ ತಮ್ಮ ತಂದೆಯ ಸ್ಮಾರಕವಾಗಿ ಕೆಲವೇ ಕಾರುಗಳೊಂದಿಗೆ ಆರಂಭಿಸಿದ ಪ್ರದರ್ಶನವು ಮುಂದೆ ಆ ದೇಶದ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯವಾಗಿ ಬೆಳೆಯಿತು. ೧೯೫೩ರಲ್ಲಿ ತೆರೆಕಂಡ 'ಜೆನೆವೀವ್' ಎಂಬ ಚಲನಚಿತ್ರವು ಬ್ರೈಟನ್ ಓಟವನ್ನೇ ವಸ್ತುವಾಗಿರಿಸಿಕೊಂಡು ಈ ಹವ್ಯಾಸವನ್ನು ಮನೆಮಾತಾಗಿಸಿತು. ೧೯೬೬ರಲ್ಲಿ ವಿವಿಧ ದೇಶಗಳ ಸಂಘಗಳು ಕೂಡಿ 'ಫೀವಾ' ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಅಂತರರಾಷ್ಟ್ರೀಯ ಒಕ್ಕೂಟವನ್ನು ರಚಿಸಿಕೊಂಡುವು.

ಪರಿಭಾಷೆಯ ವಿಷಯವಾಗಿ ಒಂದು ಮಾತು. ಬ್ರಿಟಿಷ್ ಸಂಘಗಳ ವಾಡಿಕೆಯಂತೆ ೧೯೧೮ರ ಕೊನೆಯವರೆಗಿನ ಕಾರು 'ವೆಟರನ್', ೧೯೧೯ರಿಂದ ೧೯೩೦ರ ವರೆಗಿನದು 'ವಿಂಟೇಜ್'. ನಮ್ಮಲ್ಲಿ ಬಳಕೆಯ ಮಾತಿನಲ್ಲಿ ಹಳೆಯ ಕಾರೆಲ್ಲವೂ 'ವಿಂಟೇಜ್' ಆಗಿಬಿಟ್ಟಿದೆ. ಈ ಲೇಖನದಲ್ಲಿ 'ಹಳೆಯ ಕಾರು' ಎಂಬ ಸಾಮಾನ್ಯ ಶಬ್ದವನ್ನೇ ಬಳಸಲಾಗಿದೆ.

೨. ಆಂತರಿಕ ಸಾಕ್ಷ್ಯ

ಶಾಸನದಲ್ಲಿ ಕಾಲವು ನಮೂದಾಗಿಲ್ಲದಿದ್ದರೆ ಲಿಪಿಯ ಸ್ವರೂಪವನ್ನು ನೋಡಿ ಕಾಲನಿರ್ಣಯ ಮಾಡುವುದುಂಟಷ್ಟೆ. ಕಾರಿನಲ್ಲಿಯೂ ಅಂತಹ ಸಾಕ್ಷ್ಯಗಳಿವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕಾರುಗಳಲ್ಲಿ ದೀಪಗಳೂ ರೇಡಿಯೇಟರಿನ ಚೌಕಟ್ಟೂ ಸಾಮಾನ್ಯವಾಗಿ ಹಿತ್ತಾಳೆಯವು. ಅನಂತರ ನಿಕ್ಕಲ್ ಲೇಪವು ರೂಢಿಗೆ ಬಂದಿತು. ಕ್ರೋಮಿಯಂ ಲೇಪವು ವ್ಯಾಪಕವಾದುದು ೧೯೨೦ರ ದಶಕದ ಕೊನೆಯ ವರ್ಷಗಳಲ್ಲಿ. ನಿಕ್ಕಲ್ ಲೇಪದ ಹೊಳಪಿನಲ್ಲಿ ತುಸು ಹಳದಿಯ ಛಾಯೆಯಿರುತ್ತದೆ, ಕ್ರೋಮಿಯಂ ಲೇಪದಲ್ಲಿ ತುಸು ನೀಲಿಯ ಛಾಯೆ. ೧೯೨೨ರ ಕಾರೊಂದರ ದೀಪಗಳು ನೀಲಿಯಾಗಿ ಥಳಥಳಿಸುತ್ತಿದ್ದರೆ ಅವು ತರುವಾಯ ಲೇಪ ಹಾಕಿಸಿದುವೆಂದು ನಿಸ್ಸಂಶಯವಾಗಿ ಹೇಳಬಹುದು.

ಬಣ್ಣದ ಚರಿತ್ರೆಯೂ ಇಂತಹುದೇ. ಮೊದಮೊದಲು ಕಾರುಗಳಿಗೆ ಕುದುರೆಗಾಡಿಗಳಂತೆಯೇ ಕುಂಚದಿಂದ ಬಣ್ಣವನ್ನೂ ವಾರ್ನಿಷನ್ನೂ ಪದರಪದರವಾಗಿ ಬಳಿದು, ಪ್ರತಿ ಪದರವೂ ಒಣಗುವವರೆಗೆ ಕಾಯಬೇಕಾಗಿದ್ದಿತು. ಈ ಕೆಲಸಕ್ಕೆ ವಾರಗಟ್ಟಲೆ ಕಾಲ ಹಿಡಿಯುತ್ತಿತ್ತು. ೧೯೨೦ರ ದಶಕದ ನಡುವಿನಲ್ಲಿ ನೈಟ್ರೊಸೆಲ್ಯುಲೋಸಿನಿಂದ ತಯಾರಾದ, ಬೇಗ ಒಣಗುವ ಬಣ್ಣಗಳು ಬಂದ ಮೇಲೆ ಈ ಪದ್ಧತಿಯು ಬದಲಾಯಿತು. ಫೋರ್ಡ್ ಕಾರ್ಖಾನೆಯು ಸುಮಾರು ೧೯೧೪ರಿಂದ ೧೯೨೫ರ ವರೆಗೆ ಮಾಡೆಲ್ ಟಿ ಕಾರನ್ನು ಕಪ್ಪುಬಣ್ಣವೊಂದರಲ್ಲಿಯೇ ಮಾರುತ್ತಿತ್ತು. ಆದುದರಿಂದ ೧೯೧೭ರ ಮಾಡೆಲ್ ಟಿ ಕಾರೊಂದು ಪ್ರದರ್ಶನದಲ್ಲಿ ಕಡುಗೆಂಪಾಗಿ ನಿಂತಿದ್ದರೆ ಅದನ್ನು ಕಾರ್ಖಾನೆಯ ಬಣ್ಣವೆಂದು ಪರಿಗಣಿಸಲಾಗದು. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ಅದೊಂದು ಪ್ರಕ್ಷೇಪ.

ಎಂಜಿನ್ನನ್ನು ಚಾಲೂ ಮಾಡುವ ಕ್ರಮವನ್ನೂ ಗಮನಿಸಬಹುದು. ಮೊದಲು ಮುಂಭಾಗದಲ್ಲಿ ಹಿಡಿಕೆಯನ್ನು ತೂರಿಸಿ ಬಲವಾಗಿ ತಿರುಗಿಸಬೇಕಾಗಿದ್ದಿತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈಮೂಳೆ ಮುರಿಯುವ ಅಪಾಯವಿದ್ದಿತು. ೧೯೧೨ರ ಕ್ಯಾಡಿಲಾಕ್ ಕಾರಿನೊಂದಿಗೆ ವಿದ್ಯುತ್ತಿನ ಸ್ಟಾರ್ಟರು ಬಂದಿತು. ಈ ಒಂದು ಉಪಕರಣದಿಂದ ತೋಳ್ಬಲವಿಲ್ಲದವರೂ ಒಬ್ಬರೇ ಕಾರನ್ನು ನಡೆಸುವಂತಾದುದು ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

೩. ಕೆಲಸದ ಕ್ರಮ

ಅನುಭವಿಗಳು ಹಳೆಯ ಕಾರನ್ನು ಕೈಗೆತ್ತಿಕೊಂಡಾಗ ಮೊದಲು ಮಾಡುವ ಕೆಲಸ ಬಿಚ್ಚುವುದಲ್ಲ, ನೋಡುವುದು. ಚಾಸಿ ಎನ್ನುವ ತಳಚೌಕಟ್ಟಿನ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಬಾಡಿ ಕಟ್ಟಿದವರ ಫಲಕ, ನೋಂದಣಿ ಪುಸ್ತಕದ ನಮೂದುಗಳು ಇವನ್ನು ಒಂದಕ್ಕೊಂದು ತಾಳೆನೋಡಬೇಕು. ಅನಂತರ ಪ್ರತಿಯೊಂದು ಭಾಗದ ಛಾಯಾಚಿತ್ರವನ್ನು ತೆಗೆದು, ಬಿಚ್ಚಿದ ಭಾಗಗಳಿಗೆಲ್ಲ ಚೀಟಿ ಕಟ್ಟಿ, ತಿರುಪುಗಳನ್ನು ಕೂಡ ಬೇರೆಬೇರೆ ಡಬ್ಬಿಗಳಲ್ಲಿರಿಸಬೇಕು. ತೆಗೆದ ಭಾಗವು ನಿರುಪಯುಕ್ತವೆಂದು ಕಂಡರೂ ಎಸೆಯಬಾರದು. ಹೊಸದನ್ನು ಮಾಡಿಸುವುದಕ್ಕೆ ಅದೇ ಮಾದರಿಯಾಗಬೇಕಾಗುತ್ತದೆ.

ಲೋಹದ ಕೆಲಸದಲ್ಲಿ ಮುಖ್ಯ ಶತ್ರು ತುಕ್ಕು. ತಗಡು ತಿಂದುಹೋದ ಕಡೆ ಅಷ್ಟನ್ನೇ ಕತ್ತರಿಸಿ, ಅದೇ ದಪ್ಪದ ತಗಡನ್ನು ಬಡಿದು ರೂಪಿಸಿ ಬೆಸೆಯುವುದು ಸರಿಯಾದ ಕ್ರಮ. ಹಿಂದಿನ ಕುಶಲಕರ್ಮಿಗಳು ತಗ್ಗುಗಳನ್ನು ತುಂಬಲು ಸೀಸದ ಮಿಶ್ರಲೋಹವನ್ನು ಕರಗಿಸಿ ಮರದ ಪಟ್ಟಿಯಿಂದ ಹರಡುತ್ತಿದ್ದರು. ಈಗ ಪುಟ್ಟಿಯು ಆ ಸ್ಥಾನವನ್ನು ಆಕ್ರಮಿಸಿದೆ. ಪುಟ್ಟಿಯನ್ನು ದಪ್ಪವಾಗಿ ಮೆತ್ತಿ ತುಕ್ಕನ್ನು ಮರೆಮಾಡಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಬಿರಿದು ಬೀಳುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಅನೇಕ ಕಾರುಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟಿರುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಆ್ಯಶ್ ಎಂಬ ಮರವನ್ನು ಬಳಸುತ್ತಿದ್ದರು. ಬಾಗಿಲು ಜೋತುಬಿದ್ದಿದ್ದರೆ ದೋಷವು ಅನೇಕವೇಳೆ ಕೀಲಿನಲ್ಲಿರುವುದಿಲ್ಲ, ಒಳಗಿನ ಮರವೇ ಕೊಳೆತಿರುತ್ತದೆ.

ಎಂಜಿನ್ನಿನ ಕೆಲಸಕ್ಕೆ ತಾಳ್ಮೆಯೇ ಮೊದಲ ಉಪಕರಣ. ವರ್ಷಗಟ್ಟಲೆ ನಿಂತ ಎಂಜಿನ್ನಿನ ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಬಲವಂತವಾಗಿ ತಿರುಗಿಸಿದರೆ ಮುರಿಯುತ್ತವೆ. ಇಳಿಯೆಣ್ಣೆಯನ್ನು ಹಾಕಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಹಳೆಯ ಎಂಜಿನ್ನುಗಳ ಬೇರಿಂಗುಗಳು ಈಗಿನಂತೆ ಅಂಗಡಿಯಲ್ಲಿ ದೊರೆಯುವ ಚಿಪ್ಪುಗಳಲ್ಲ. ತವರ, ಆಂಟಿಮನಿ ಮತ್ತು ತಾಮ್ರಗಳನ್ನು ಬೆರೆಸಿದ ಬಿಳಿಲೋಹವನ್ನು ಕರಗಿಸಿ ಸ್ಥಳದಲ್ಲಿಯೇ ಎರಕ ಹೊಯ್ದು, ದಂಡಕ್ಕೆ ನೀಲಿಬಣ್ಣ ಹಚ್ಚಿ ತಿರುಗಿಸಿ, ಬಣ್ಣ ತಗುಲಿದ ಉಬ್ಬುಗಳನ್ನು ಮಾತ್ರ ಕೈಯಿಂದ ಹೆರೆದು ಹೊಂದಿಸುತ್ತಿದ್ದರು. ಈ ವಿದ್ಯೆಯು ಪುಸ್ತಕದಿಂದ ಬರತಕ್ಕುದಲ್ಲ. ಬಲ್ಲವರು ಕಣ್ಮರೆಯಾದಂತೆ ಅದೂ ಕಣ್ಮರೆಯಾಗುತ್ತಿದೆ.

೪. ಒಂದು ಸ್ವಾನುಭವ

ಇಲ್ಲಿ ನನ್ನ ಅನುಭವದ ಒಂದು ಪ್ರಸಂಗವನ್ನು ನಿವೇದಿಸುವುದಕ್ಕೆ ವಾಚಕರ ಅನುಮತಿಯನ್ನು ಕೋರುತ್ತೇನೆ. ನನ್ನ ತಾಯಿಯ ತಂದೆ ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ವೈದ್ಯರಾಗಿದ್ದರು. ೧೯೬೧ರ ಅಂಬಾಸಡರ್ ಕಾರೊಂದು ಅವರಲ್ಲಿದ್ದಿತು. ರೋಗಿಗಳನ್ನು ನೋಡಲು ಹಳ್ಳಿಗಳಿಗೆ ಹೋಗುತ್ತಿದ್ದುದು ಅದರಲ್ಲಿಯೇ. ಅವರು ತೀರಿಕೊಂಡ ಮೇಲೆ ಕಾರು ಕೊಟ್ಟಿಗೆಯಲ್ಲಿ ಬಹುಕಾಲ ನಿಂತಿದ್ದು, ಕಡೆಗೆ ನನ್ನ ಪಾಲಿಗೆ ಬಂದಿತು. ಆಗ ನಾನು ಉಪನ್ಯಾಸಕನಾಗಿ ಸೇರಿ ಎರಡು ವರ್ಷಗಳಾಗಿದ್ದುವು. ಅದನ್ನು ನಗರದ ಒಂದು ಕಾರ್ಯಾಗಾರಕ್ಕೆ ಒಪ್ಪಿಸಿ, "ಹೊಸದರಂತೆ ಮಾಡಿಕೊಡಿ" ಎಂದು ಹೇಳಿಬಂದೆ. ನಾನು ಹೇಳಿದುದಿಷ್ಟೇ.

ಏಳು ತಿಂಗಳುಗಳ ಬಳಿಕ ಕಾರು ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂದಿತು. ನೋಡಿದವರೆಲ್ಲರೂ ಮೆಚ್ಚಿದರು. ನನ್ನ ತಾಯಿ ಮಾತ್ರ ಒಳಗೆ ಕುಳಿತು, ಮುಂದಿನ ಖಾನೆಯ ಮುಚ್ಚಳವನ್ನು ತೆರೆದು, "ಅಪ್ಪಯ್ಯ ಬರೆದದ್ದು ಎಲ್ಲೋ?" ಎಂದು ಕೇಳಿದರು. ಆ ಮುಚ್ಚಳದ ಒಳಮೈಯಲ್ಲಿ ಅಜ್ಜ ಪೆನ್ಸಿಲಿನಿಂದ ತಾವು ಹೋದ ಊರುಗಳ ಹೆಸರು, ದಿನಾಂಕ, ಮೈಲಿಗಳ ಅಂಕೆ ಇವನ್ನು ಗುರುತು ಹಾಕಿಕೊಳ್ಳುತ್ತಿದ್ದರಂತೆ. ಅದನ್ನು ಉಜ್ಜಿ ಬಣ್ಣ ಬಳಿದಾಗಿತ್ತು. ಔಷಧದ ಪೆಟ್ಟಿಗೆ ಜಾರದಂತೆ ಹಿಂದಿನ ಆಸನದ ಬಳಿ ಊರಿನ ಕಮ್ಮಾರನಿಂದ ಹಾಕಿಸಿದ್ದ ಕಬ್ಬಿಣದ ಪಟ್ಟಿಯೂ ಇಲ್ಲ. ಅದು 'ಕಂಪನಿಯದಲ್ಲ' ಎಂದು ಕಿತ್ತು ಗುಜರಿಗೆ ಹಾಕಿದ್ದರು. ಕಾರ್ಯಾಗಾರದವರನ್ನು ನಾನು ದೂಷಿಸಲಾರೆ. ಹೇಳಿದ ಕೆಲಸವನ್ನು ಅವರು ಮಾಡಿದ್ದರು. ದೇವಾಲಯದ ಗೋಡೆಯ ಶಾಸನಗಳ ಮೇಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಸುಣ್ಣ ಬಳಿಯುವುದನ್ನು ತರಗತಿಯಲ್ಲಿ ಖಂಡಿಸುತ್ತಿದ್ದ ನಾನೇ ಹಣ ಕೊಟ್ಟು ಒಂದು ಶಾಸನವನ್ನು ಅಳಿಸಿದ್ದೆ. ೧೯೬೦ರ ದಶಕದಲ್ಲಿ ಮಲೆನಾಡಿನ ಒಬ್ಬ ವೈದ್ಯನು ಯಾವ ಯಾವ ಹಳ್ಳಿಗಳನ್ನು, ಎಷ್ಟು ದಿನಗಳಿಗೊಮ್ಮೆ ತಲಪಬಲ್ಲವನಾಗಿದ್ದನೆಂಬುದಕ್ಕೆ ಆ ಪೆನ್ಸಿಲಿನ ಗೆರೆಗಳು ಆಧಾರವಾಗುತ್ತಿದ್ದುವು. ಅವು ಇನ್ನು ಯಾವ ಪತ್ರಾಗಾರದಲ್ಲಿಯೂ ದೊರೆಯತಕ್ಕವಲ್ಲ.

೫. ಅದೇ ಕಾರು ಎನ್ನುವುದು ಹೇಗೆ?

ಸಂರಕ್ಷಣೆಯ ವಿಷಯದಲ್ಲಿ ಹೀಗೆ ಎಚ್ಚರ ವಹಿಸಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಓಡುವ ಯಂತ್ರದಲ್ಲಿ ಭಾಗಗಳು ಸವೆಯುತ್ತವೆ, ಅವನ್ನು ಬದಲಿಸಲೇಬೇಕು. ಎಷ್ಟು ಭಾಗಗಳನ್ನು ಬದಲಿಸುವವರೆಗೆ ಅದು ಅದೇ ಕಾರು? ನಮ್ಮ ಊರುಗಳ ತೇರನ್ನು ನೆನೆಸಿಕೊಂಡರೆ ಪ್ರಶ್ನೆಯ ಸ್ವರೂಪವು ತಿಳಿಯುತ್ತದೆ. ಒಮ್ಮೆ ಗಾಲಿ, ಒಮ್ಮೆ ಅಚ್ಚು, ಒಮ್ಮೆ ತೊಲೆ ಎಂದು ಬದಲಾಗುತ್ತ ಬಂದರೂ ಊರಿನವರಿಗೆ ಅದು ಅಜ್ಜಂದಿರು ಎಳೆದ ತೇರೇ ಆಗಿರುತ್ತದೆ.

ಈ ಪ್ರಶ್ನೆಯನ್ನು ನ್ಯಾಯಾಲಯವೊಂದು ವಿಚಾರಿಸಿ ತೀರ್ಪು ಕೊಟ್ಟಿರುವ ಪ್ರಸಿದ್ಧ ನಿದರ್ಶನವಿದೆ. 'ಓಲ್ಡ್ ನಂಬರ್ ಒನ್' ಎಂಬ ಹೆಸರಿನ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ೧೯೨೯ ಮತ್ತು ೧೯೩೦ರಲ್ಲಿ ಎಡೆಬಿಡದೆ ಗೆದ್ದಿತು. ಮೊದಲ ವರ್ಷ ಬಾರ್ನಾಟೊ ಮತ್ತು ಬರ್ಕಿನ್, ಎರಡನೆಯ ವರ್ಷ ಬಾರ್ನಾಟೊ ಮತ್ತು ಕಿಡ್‌ಸ್ಟನ್ ಅದನ್ನು ನಡೆಸಿದವರು. ತರುವಾಯ ಅದಕ್ಕೆ ಎಂಟು ಲೀಟರಿನ ಬೇರೆ ಎಂಜಿನ್ನನ್ನು ಜೋಡಿಸಲಾಯಿತು. ೧೯೩೨ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಭೀಕರ ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್‌ಫೀ ಮೃತನಾದನು. ಅನಂತರ ಕಾರನ್ನು ಬೇರೆಯ ರೂಪದಲ್ಲಿ ಪುನಃ ಕಟ್ಟಲಾಯಿತು.

೧೯೯೦ರಲ್ಲಿ ಈ ಕಾರಿನ ಮಾರಾಟಕ್ಕೆ ಸುಮಾರು ಒಂದು ಕೋಟಿ ಪೌಂಡಿನ ಒಪ್ಪಂದವಾಯಿತು. ಕೊಳ್ಳುವವರು ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲವೆಂದು ಹೇಳಿ ಹಿಂದೆಗೆದರು. ಮಾರಿದವರು ಲಂಡನ್ನಿನ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ೧೯೨೯ರಲ್ಲಿ ಪಂದ್ಯ ಗೆದ್ದಾಗ ಇದ್ದ ಭಾಗಗಳಲ್ಲಿ ಅತ್ಯಲ್ಪಾಂಶವೇ ಉಳಿದಿದೆಯೆಂಬುದು ವಿಚಾರಣೆಯಲ್ಲಿ ವ್ಯಕ್ತಪಟ್ಟಿತು. ಆದರೂ ನ್ಯಾಯಮೂರ್ತಿ ಆಟನ್ ಅವರು ಮಾರಿದವರ ಪರವಾಗಿ ತೀರ್ಪಿತ್ತರು. ಭಾಗಗಳು ಒಮ್ಮೆಗೇ ಬದಲಾಗದೆ ಕಾಲಕ್ರಮದಲ್ಲಿ ಬದಲಾಗುತ್ತ ಬಂದುವೆಂದೂ, ಯಾವ ಹಂತದಲ್ಲಿಯೂ ಕಾರಿನ ಗುರುತಿನ ಪರಂಪರೆಯು ತುಂಡಾಗಲಿಲ್ಲವೆಂದೂ, ಆ ಹೆಸರಿಗೆ ಹಕ್ಕು ಹೂಡಬಲ್ಲ ಬೇರೆ ಕಾರು ಇಲ್ಲವೆಂದೂ, ಮಾರಾಟವಾದುದು ಬರಿಯ ಲೋಹವಲ್ಲದೆ ಅದರ ಚರಿತ್ರೆಯೂ ಕೀರ್ತಿಯೂ ಎಂದೂ ಅವರ ತೀರ್ಮಾನದ ಸಾರಾಂಶ.

ಇತಿಹಾಸದ ವಿದ್ಯಾರ್ಥಿಗಳು ಈ ತೀರ್ಪನ್ನು ಸೂಕ್ಷ್ಮವಾಗಿ ಗ್ರಹಿಸಬೇಕು. ಭಾಗಗಳನ್ನು ಬೇಕಾದಂತೆ ಬದಲಿಸಬಹುದೆಂಬುದು ಇದರ ಅರ್ಥವಲ್ಲ. ಯಾವ ಭಾಗವು ಎಂದು, ಏತಕ್ಕಾಗಿ ಬದಲಾಯಿತೆಂಬುದಕ್ಕೆ ಆಧಾರವು ಉಳಿದಿದ್ದರಿಂದಲೇ ಪರಂಪರೆಯು ಅವಿಚ್ಛಿನ್ನವೆಂದು ಸಿದ್ಧಪಡಿಸಲು ಸಾಧ್ಯವಾಯಿತು. ಲೋಹವು ಹೋದ ಕಡೆಯಲ್ಲಿ ದಾಖಲೆಯು ಅದರ ಸ್ಥಾನವನ್ನು ತುಂಬಿತು. ದಾಖಲೆಯೂ ಇಲ್ಲದಿದ್ದಲ್ಲಿ ಅದೇ ಕಾರು ಒಂದು ಪ್ರತಿಕೃತಿಯೆನಿಸಿಕೊಳ್ಳುತ್ತಿತ್ತು.

೬. ನಿಲ್ಲಬೇಕಾದ ಸ್ಥಳ

ಕೆಲವು ಸಂದರ್ಭಗಳಲ್ಲಿ ಏನನ್ನೂ ಮಾಡದಿರುವುದೇ ಸರಿಯಾದ ಜೀರ್ಣೋದ್ಧಾರವಾಗಬಹುದು. ಸ್ವಿಟ್ಜರ್ಲೆಂಡಿನ ಮಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಮುಳುಗಿದ್ದ ೧೯೨೫ರ ಬುಗಾಟಿ ಬ್ರೆಶಿಯಾ ಕಾರೊಂದನ್ನು ೨೦೦೯ರಲ್ಲಿ ಮೇಲೆತ್ತಲಾಯಿತು. ನೀರಿನಲ್ಲಿ ಕೊರೆದು ತುಕ್ಕು ಹಿಡಿದ ಆ ಅಸ್ಥಿಪಂಜರವು ಮರುವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋಗಳಿಗೂ ಮಿಗಿಲಾದ ಬೆಲೆಗೆ ಮಾರಾಟವಾಗಿ ಕ್ಯಾಲಿಫೋರ್ನಿಯದ ಒಂದು ಸಂಗ್ರಹಾಲಯವನ್ನು ಸೇರಿತು. ಅಲ್ಲಿ ಅದನ್ನು ಸರಿಪಡಿಸಲಿಲ್ಲ, ಸರೋವರದಿಂದ ಬಂದ ಸ್ಥಿತಿಯಲ್ಲಿಯೇ ಪ್ರದರ್ಶಿಸಿದರು. ಸರಿಪಡಿಸಿದ್ದರೆ ಅದು ಅನೇಕ ಬುಗಾಟಿಗಳಲ್ಲಿ ಮತ್ತೊಂದಾಗುತ್ತಿತ್ತು. ಹಾಗೆಯೇ ಬಿಟ್ಟುದರಿಂದ ತನ್ನದೇ ಆದ ಕಥೆಯನ್ನು ಹೇಳುವ ಒಂದೇ ಒಂದು ಬುಗಾಟಿಯಾಗಿ ಉಳಿಯಿತು.

ಕಟ್ಟಡಗಳ ಸಂರಕ್ಷಣೆಯ ವಿಷಯವಾಗಿ ೧೯೬೪ರ ವೆನಿಸ್ ಸನ್ನದು ಗೊತ್ತುಮಾಡಿದ ತತ್ತ್ವಗಳನ್ನು ಅನುಸರಿಸಿ ಫೀವಾ ಒಕ್ಕೂಟವು ೨೦೧೨ರಲ್ಲಿ 'ಟ್ಯೂರಿನ್ ಸನ್ನದು' ಎಂಬುದನ್ನು ಅಂಗೀಕರಿಸಿತು. ಅದರ ಮುಖ್ಯಾಂಶಗಳನ್ನು ಹೀಗೆ ಸಂಗ್ರಹಿಸಬಹುದು: ಇರುವುದನ್ನು ಉಳಿಸುವುದಕ್ಕೆ ಪ್ರಥಮಸ್ಥಾನ, ಬದಲಿಸುವುದಕ್ಕೆ ಕೊನೆಯ ಸ್ಥಾನ. ಹಸ್ತಕ್ಷೇಪವು ಆದಷ್ಟು ಕಡಮೆಯಿರಬೇಕು. ಹೊಸ ಭಾಗಗಳನ್ನು ಗುರುತಿಸಲು ಬರುವಂತಿರಬೇಕು. ಮಾಡಿದುದೆಲ್ಲವನ್ನೂ ಬರೆದಿಡಬೇಕು. ಕಾರಿನ ಜೀವಮಾನದಲ್ಲಿ ಆದ ಮಾರ್ಪಾಡುಗಳೂ ಅದರ ಚರಿತ್ರೆಯ ಅಂಗವೆಂದು ತಿಳಿಯಬೇಕು. ಈ ಕೊನೆಯ ತತ್ತ್ವದ ಪ್ರಕಾರ ನನ್ನ ಅಜ್ಜನ ಕಾರಿನ ಕಬ್ಬಿಣದ ಪಟ್ಟಿಯು ಕಂಪನಿಯದಲ್ಲದಿದ್ದರೂ ಕಾರಿನದೇ ಆಗಿದ್ದಿತು.

೭. ಪೋಷಣೆ

ಸರಿಪಡಿಸಿದ ಕಾರನ್ನು ಮುಚ್ಚಿಟ್ಟರೆ ಅದು ಉಳಿಯುವುದೆಂಬುದು ತಪ್ಪುಕಲ್ಪನೆ. ನಿಂತ ಕಾರಿನಲ್ಲಿ ಎಣ್ಣೆಯ ಪದರವು ಇಳಿದುಹೋಗಿ ಲೋಹವು ಬಯಲಾಗುತ್ತದೆ, ರಬ್ಬರು ಒಣಗಿ ಸೀಳುತ್ತದೆ, ಟೈರುಗಳು ಭಾರ ಬಿದ್ದ ಕಡೆ ಚಪ್ಪಟೆಯಾಗುತ್ತವೆ. ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದಾದುದರಿಂದ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ತಿಂಗಳಿಗೆ ಒಂದೆರಡು ಬಾರಿಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸುವುದು ಅವಶ್ಯ. ನಿಂತಲ್ಲಿಯೇ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವುದರಿಂದ ಒಳಗೆ ತೇವವು ಕೂಡಿಕೊಂಡು ಹಾನಿಯೇ ಹೆಚ್ಚು.

ಇಂಧನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಪದ್ಧತಿ ಅಮೆರಿಕದಲ್ಲಿ ೧೯೨೩ರಲ್ಲಿ ಮೊದಲಾಯಿತು. ಆ ಸೀಸವು ವಾಲ್ವುಗಳ ಪೀಠವನ್ನು ಸವೆತದಿಂದ ಕಾಪಾಡುತ್ತಿತ್ತು. ಆರೋಗ್ಯದ ಕಾರಣದಿಂದ ನಮ್ಮ ದೇಶದಲ್ಲಿ ೨೦೦೦ದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟವು ನಿಂತ ಬಳಿಕ, ಸೀಸವನ್ನು ನೆಚ್ಚಿಕೊಂಡು ರಚಿತವಾದ ಎಂಜಿನ್ನುಗಳಿಗೆ ಗಟ್ಟಿಲೋಹದ ಪೀಠಗಳನ್ನು ಕೂರಿಸಬೇಕಾಗಿ ಬರುತ್ತದೆ. ೨೦೨೫ರ ವೇಳೆಗೆ ದೇಶದಾದ್ಯಂತ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಳಕೆಗೆ ಬಂದಿದೆ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರನ್ನೂ ಬೆಂಡಿನ ತಡೆಗಳನ್ನೂ ಕೆಡಿಸುತ್ತದೆ. ಆದುದರಿಂದ ಇಂಧನದ ಕೊಳವೆಗಳನ್ನೂ ಕಾರ್ಬ್ಯುರೇಟರಿನ ಒಳಭಾಗಗಳನ್ನೂ ಎಥನಾಲನ್ನು ತಾಳುವ ವಸ್ತುಗಳಿಂದ ಬದಲಿಸಿ, ತೊಟ್ಟಿಯಲ್ಲಿ ಪೆಟ್ರೋಲು ತಿಂಗಳುಗಟ್ಟಲೆ ನಿಲ್ಲದಂತೆ ನೋಡಿಕೊಳ್ಳಬೇಕು. ಇವು ಕಾರನ್ನು ಓಡುವ ಸ್ಥಿತಿಯಲ್ಲಿಡಲು ಅನಿವಾರ್ಯವಾದ ಬದಲಾವಣೆಗಳು. ತೆಗೆದ ಮೂಲಭಾಗಗಳನ್ನು ಕಟ್ಟಿಡುವುದಷ್ಟೇ ಇಲ್ಲಿಯ ನಿಯಮ.

೮. ನಮ್ಮ ದೇಶದ ಸ್ಥಿತಿ

ಭಾರತದಲ್ಲಿ ಈ ಹವ್ಯಾಸವು ಬಹುಕಾಲ ಅರಮನೆಗಳ ಕಾರುಗಳ ಸುತ್ತ ಬೆಳೆಯಿತು. 'ಸ್ಟೇಟ್ಸ್‌ಮನ್' ಪತ್ರಿಕೆಯ ಆಶ್ರಯದಲ್ಲಿ ದೆಹಲಿ ಮತ್ತು ಕೋಲ್ಕತ್ತಗಳಲ್ಲಿ ೧೯೬೦ರ ದಶಕದಿಂದ ಆರಂಭವಾದ ಹಳೆಯ ಕಾರುಗಳ ಓಟವು ಅದಕ್ಕೆ ಸಾರ್ವಜನಿಕ ರೂಪವನ್ನು ಕೊಟ್ಟಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ಯಾತ್ರಾರ್ಥಿಗಳಲ್ಲಿ ಅನೇಕರು ನೋಡಿರುತ್ತಾರೆ.

ಆದರೆ ನಮ್ಮ ಸಾಮಾಜಿಕ ಚರಿತ್ರೆಗೆ ರೋಲ್ಸ್ ರಾಯ್ಸ್‌ಗಿಂತ ಅಂಬಾಸಡರ್, ಫಿಯೆಟ್ ಕಾರುಗಳೇ ಹೆಚ್ಚಿನ ಆಧಾರಗಳು. ಮೋಟಾರು ಕಾರ್ಖಾನೆಯೊಂದನ್ನು ಭಾರತೀಯರೇ ಸ್ಥಾಪಿಸಬೇಕೆಂದು ೧೯೩೦ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಶ್ರಮಿಸಿದುದು ಸುವಿದಿತ. ಅವರೊಂದಿಗೆ ಈ ಯೋಜನೆಯಲ್ಲಿ ಆಸಕ್ತಿ ವಹಿಸಿದ ವಾಲಚಂದ್ ಹೀರಾಚಂದರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಫಿಯೆಟ್ ಕಾರುಗಳೂ ಅನಂತರದ ಪದ್ಮಿನಿಯೂ ಅಲ್ಲಿಂದ ಬಂದುವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಆಧಾರದ ಮೇಲೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಯಿಂದ ತಯಾರಾದ ಅಂಬಾಸಡರ್, ೨೦೧೪ರಲ್ಲಿ ನಿಂತಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ೨೦೨೩ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿರ್ಗಮಿಸಿದುವು.

೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಐವತ್ತು ವರ್ಷಗಳಿಗೆ ಮೀರಿದ, ಮೂಲಸ್ವರೂಪದಲ್ಲಿ ಕಾಪಾಡಿಕೊಂಡು ಬಂದ, ಚಾಸಿ, ಬಾಡಿ ಮತ್ತು ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡಾಗದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿಗಳ ಶುಲ್ಕವಿದ್ದು ಅದು ಹತ್ತು ವರ್ಷಗಳವರೆಗೆ ಸಲ್ಲುತ್ತದೆ. ನವೀಕರಣಕ್ಕೆ ಐದು ಸಾವಿರ. ಇಂತಹ ವಾಹನವನ್ನು ನಿತ್ಯದ ಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ಪ್ರದರ್ಶನ, ಓಟ, ತಾಂತ್ರಿಕ ಸಂಶೋಧನೆ, ದುರಸ್ತು ಮೊದಲಾದವಕ್ಕೆ ಮಾತ್ರ ರಸ್ತೆಗೆ ತರಬಹುದು.

ನಿಯಮವು ಸ್ವಾಗತಾರ್ಹವೇ. ಆದರೆ ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿ ಹದಿನೈದು ವರ್ಷ. ತರುವಾಯ ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು, ಇಲ್ಲವೆ ಗುಜರಿಗೆ ಹಾಕಬೇಕು. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷಗಳಲ್ಲಿ ಕಾರು ಬಳಕೆಗೂ ಸಲ್ಲದೆ ಗೌರವಕ್ಕೂ ಸಲ್ಲದೆ ಬರಿಯ ಹಳೆಯ ವಸ್ತುವಾಗಿರುತ್ತದೆ. ಹೆಚ್ಚಿನ ನಾಶವು ನಡೆಯುವುದು ಈ ಅವಧಿಯಲ್ಲಿಯೇ. ನಮ್ಮ ಮನೆಗಳ ಅಟ್ಟದಲ್ಲಿನ ಓಲೆಗರಿಯ ಕಟ್ಟುಗಳು ಹೊಳೆಗೂ ಒಲೆಗೂ ಹೋದುದು, ಅವು ನಿತ್ಯದ ಬಳಕೆ ತಪ್ಪಿದ ಮೇಲೆ ಮತ್ತು ವಿದ್ವಾಂಸರ ಕಣ್ಣಿಗೆ ಬೀಳುವುದಕ್ಕೆ ಮೊದಲು.

ಎಲ್ಲ ಕಾರುಗಳನ್ನೂ ಉಳಿಸುವುದು ಸಾಧ್ಯವೂ ಅಲ್ಲ, ವಿಹಿತವೂ ಅಲ್ಲ. ಹೊಗೆ, ಸ್ಥಳ, ಹಣ ಇವುಗಳ ಪ್ರಶ್ನೆಗಳಿವೆ. ಆದರೆ ಅವುಗಳ ದಾಖಲೆಯನ್ನು ಉಳಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ನಮ್ಮ ಪ್ರತಿಯೊಂದು ಜಿಲ್ಲಾಕೇಂದ್ರದಲ್ಲಿಯೂ ಎಪ್ಪತ್ತು ದಾಟಿದ ಮೇಸ್ತ್ರಿಗಳು ಇನ್ನೂ ಇದ್ದಾರೆ. ಯಾವ ವರ್ಷ ಯಾವ ಬಿಡಿಭಾಗ ಸಿಗುತ್ತಿರಲಿಲ್ಲ, ಅದಕ್ಕೆ ಬದಲಾಗಿ ಲಾರಿಯ ಯಾವ ಭಾಗವನ್ನು ಕಡೆದು ಹೊಂದಿಸುತ್ತಿದ್ದರು, ಊರಿನಲ್ಲಿ ಮೊದಲು ಯಾರಲ್ಲಿ ಕಾರಿದ್ದಿತು, ಅದನ್ನು ಮದುವೆಗೂ ಹೆರಿಗೆಗೂ ಯಾರು ಯಾರು ಎರವಲು ಪಡೆಯುತ್ತಿದ್ದರು ಎಂಬುದನ್ನು ಅವರು ಹೇಳಬಲ್ಲರು. ಹಳೆಯ ನೋಂದಣಿ ಪುಸ್ತಕಗಳು, ದುರಸ್ತಿನ ರಸೀದಿಗಳು, ಕಾರಿನ ಮುಂದೆ ನಿಂತು ತೆಗೆಸಿಕೊಂಡ ಕುಟುಂಬದ ಛಾಯಾಚಿತ್ರಗಳು ಮನೆಮನೆಗಳಲ್ಲಿವೆ. ಪದವಿ ತರಗತಿಯ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಒಂದೊಂದು ಊರಿನಿಂದ ಇಂತಹ ಸಾಮಗ್ರಿಯನ್ನು ಸಂಗ್ರಹಿಸಿದರೂ ಅದು ಉಪಯುಕ್ತವಾದ ಸಂಶೋಧನೆಯೇ ಆಗುತ್ತದೆ. ಸಹೋದ್ಯೋಗಿಗಳು ಇದನ್ನು ಪರಿಶೀಲಿಸಬೇಕೆಂದು ವಿನಂತಿ.

ನನ್ನ ಅಜ್ಜನ ಕಾರು ಈಗಲೂ ಓಡುತ್ತಿದೆ. ಅಳಿಸಿಹೋದುದನ್ನು ಮರಳಿ ಬರೆಯಿಸುವ ಯತ್ನವನ್ನು ನಾನು ಮಾಡಿಲ್ಲ. ತಾಯಿಯ ನೆನಪಿನಲ್ಲಿದ್ದ ಹನ್ನೊಂದು ಊರುಗಳ ಹೆಸರುಗಳನ್ನು ಮಾತ್ರ, ಅವರಿಂದ ಕೇಳಿದ ದಿನಾಂಕದೊಂದಿಗೆ, ಬೇರೆಯ ಪುಸ್ತಕದಲ್ಲಿ ಬರೆದು ಅದೇ ಖಾನೆಯಲ್ಲಿರಿಸಿದ್ದೇನೆ. ಆ ಬಳಿಕ ಬದಲಿಸಿದ ಪ್ರತಿಯೊಂದು ಭಾಗವೂ, ಅದರ ಕಾರಣವೂ, ಕೆಲಸ ಮಾಡಿದ ಮೇಸ್ತ್ರಿಯ ಹೆಸರೂ ಆ ಪುಸ್ತಕದಲ್ಲಿ ನಮೂದಾಗುತ್ತ ಬಂದಿವೆ.